ಹಳಿ ಸವೀತು, ಲಾಭ ಬಂತು: ಡಿಪ್ರಿಸಿಯೇಷನ್ ಜಗಳದ ಕಥೆ

ಬಿ.ಕಾಂ.ನಲ್ಲಿ ನಮಗೆ ಡಿಪ್ರಿಸಿಯೇಷನ್ ಅಂದ್ರೆ ಎರಡು ಸೂತ್ರ, ಒಂದಿಷ್ಟು ಮಾರ್ಕ್ಸ್. ಅದರ ಹಿಂದೆ ದೊಡ್ಡ ಜಗಳ ಇದೆ ಅಂತ ಯಾರೂ ಹೇಳಲಿಲ್ಲ. ಸವೆದ ಆಸ್ತಿಯ ಖರ್ಚು ಯಾರ ತಲೆ ಮೇಲೆ, ಇವತ್ತಿನ ಮಾಲೀಕನದಾ, ನಾಳೆಯವನದಾ?

ಲೆಕ್ಕವೇನೋ ಹಳೇದು. ಕ್ರಿಸ್ತಪೂರ್ವ ಮೊದಲನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ: ಎರಡು ಮನೆಗಳ ನಡುವಿನ ಗೋಡೆಗೆ ಬೆಲೆ ಕಟ್ಟುವಾಗ, ಅದು ಕಲ್ಲುಚೂರು-ಗಾರೆಯದಾದ್ರೆ ಆಯಸ್ಸು 80 ವರ್ಷ. ಕಟ್ಟಿದ ಖರ್ಚಲ್ಲಿ ವರ್ಷಕ್ಕೆ 80ರಲ್ಲೊಂದು ಭಾಗ ಕಳೀತಿದ್ರು. ಇವತ್ತಿನ ಸ್ಟ್ರೈಟ್ ಲೈನ್ ವಿಧಾನ ಇದೇ ತಾನೇ? ಆದ್ರೆ ಇಟ್ಟಿಗೆ ಗೋಡೆ ನೆಟ್ಟಗೆ ನಿಂತಿದ್ರೆ ಬಿಡಿಗಾಸೂ ಕಳೀತಿರಲಿಲ್ಲ!

ಜಗಳ ಜೋರಾಗಿದ್ದು ರೈಲು ಬಂದ ಮೇಲೆ. 1840ರ ದಶಕದ ಬ್ರಿಟನ್. ರಿಪೇರಿ ಮಾಡ್ತಾ ಇದ್ರೆ ಸಾಕು, ಆಸ್ತಿ ಸವೆಯಲ್ಲ ಅನ್ನೋದು ಹಲವು ರೈಲ್ವೆ ಕಂಪನಿಗಳ ವಾದ. ಅತ್ತ ಎಂಜಿನ್‌ಗಳು ಭಾರ ಆಗ್ತಾ ಹೋದವು, ಕಬ್ಬಿಣದ ಹಳಿ ಅಂದುಕೊಂಡಿದ್ದಕ್ಕಿಂತ ಬೇಗ ಸವೀತು. ಸವಕಳಿಗೆ ಅಂತ ಹಣ ತೆಗೆದಿಟ್ರೆ ಲಾಭ ಕಮ್ಮಿ ಕಾಣುತ್ತೆ. ಇಡದಿದ್ರೆ ಈ ವರ್ಷದ ಷೇರುದಾರರಿಗೆ ಹಬ್ಬ. ಹಳಿ ಬದಲಾಯಿಸೋ ಹೊತ್ತಿಗೆ ಷೇರು ಹಿಡ್ಕೊಂಡಿರೋರಿಗೆ ಬಿಲ್ಲು.

‘ರೈಲ್ವೆ ಕಿಂಗ್’ ಅನ್ನಿಸಿಕೊಂಡ ಜಾರ್ಜ್ ಹಡ್ಸನ್, ಮೂಲತಃ ಯಾರ್ಕ್‌ನ ಬಟ್ಟೆ ವ್ಯಾಪಾರಿ. 1849ರಲ್ಲಿ ಲೆಕ್ಕ ಕೆದಕಿದಾಗ, ಅವನು ಅಧ್ಯಕ್ಷನಾಗಿದ್ದ ಈಸ್ಟರ್ನ್ ಕೌಂಟೀಸ್ ರೈಲ್ವೆಯಲ್ಲಿ ಬಂಡವಾಳದ ದುಡ್ಡನ್ನೇ ಲಾಭಾಂಶ ಅಂತ ಹಂಚಿದ್ದು ಬಯಲಾಯ್ತು. ಅದು ಲೆಕ್ಕ ತಿದ್ದಿದ ಮೋಸ, ಸವಕಳಿ ಬಿಟ್ಟಿದ್ದಷ್ಟೇ ಅಲ್ಲ. ಆದ್ರೂ ಎರಡರಲ್ಲೂ ಬಂಡವಾಳ ಕರಗ್ತಿರುತ್ತೆ, ಕೈಗೆ ಬಂದಿದ್ದು ಲಾಭ ಅನ್ನಿಸುತ್ತೆ.

ಕಾನೂನು ನಿಧಾನಕ್ಕೆ ಬಂತು. 1878ರಲ್ಲಿ ಬ್ರಿಟನ್, ತೆರಿಗೆ ಲೆಕ್ಕದಲ್ಲಿ ಯಂತ್ರದ ಸವೆತ ಕಳೆಯೋಕೆ ಒಪ್ಪಿತು. ಆದ್ರೆ 1889ರ ಲೀ ವರ್ಸಸ್ ನ್ಯೂಶಾಟೆಲ್ ಆಸ್ಫಾಲ್ಟ್ ಕೇಸಲ್ಲಿ ಕೋರ್ಟು ಉಲ್ಟಾ ಹೊಡೀತು: ಗಣಿ ಬರಿದಾಗ್ತಿದ್ರೂ ಅದಕ್ಕೆ ಹಣ ತೆಗೆದಿಡದೆ ಲಾಭಾಂಶ ಕೊಡಬಹುದು! ನನಗಂತೂ ಈ ತೀರ್ಪು ಅರಗಲ್ಲ. ನಮ್ಮ 2013ರ ಕಂಪನಿ ಕಾಯ್ದೆ ಮೊದಲು ಸವಕಳಿ ಕಳಿ, ಆಮೇಲೆ ಲಾಭಾಂಶ ಹಂಚು ಅನ್ನುತ್ತೆ.

ಎಷ್ಟು ಕಳೀಬೇಕು ಅನ್ನೋದ್ರಲ್ಲೂ ಎರಡು ದಾರಿ ಉಳೀತು. 6 ಲಕ್ಷದ ಕ್ಯಾಬ್ ತಗೊಳ್ಳಿ. ಬಾಡಿಗೆ ಕಾರಿಗೆ ಕಂಪನಿ ಕಾಯ್ದೆ ಕೊಟ್ಟಿರೋ ಆಯಸ್ಸು 6 ವರ್ಷ. ಗುಜರಿ ಬೆಲೆ ಸೊನ್ನೆ ಅಂದ್ಕೊಂಡ್ರೆ ಸ್ಟ್ರೈಟ್ ಲೈನ್‌ನಲ್ಲಿ ವರ್ಷಕ್ಕೆ 1 ಲಕ್ಷ. ಆದಾಯ ತೆರಿಗೆಗೆ ರಿಟನ್ ಡೌನ್ ವ್ಯಾಲ್ಯೂ, ಅಂದ್ರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ 30%: ಮೊದಲು 1,80,000, ಆಮೇಲೆ 1,26,000, ಮೂರನೇ ವರ್ಷ 88,200. ಮೂರು ವರ್ಷಕ್ಕೆ ಒಂದು ಪುಸ್ತಕದಲ್ಲಿ ಕಾರಿನ ಬೆಲೆ 3 ಲಕ್ಷ, ಇನ್ನೊಂದರಲ್ಲಿ 2,05,800. ಶುರುವಲ್ಲಿ ಜಾಸ್ತಿ ಕಳೆದ್ರೆ ತೆರಿಗೆ ಮುಂದಕ್ಕೆ ಹೋಗುತ್ತೆ, ಅದೇ ಆಕರ್ಷಣೆ.

ಕ್ಯಾಬ್ ಓಡಿಸೋ ಗೆಳೆಯರೇ, ದಿನದ ಕಲೆಕ್ಷನ್‌ನಲ್ಲಿ ಇಂಧನ, ಕಮಿಷನ್ ಕಳೆದು ಉಳಿದಿದ್ದನ್ನ ಲಾಭ ಅಂತೀರಲ್ಲ, ಆ ವರ್ಷದ 1 ಲಕ್ಷಾನೂ ಕಳೆದು ನೋಡಿ. ದಿನಕ್ಕೆ ಸುಮಾರು 275 ರೂಪಾಯಿ ಆಗುತ್ತೆ.