ಇಬ್ಬರು ಮ್ಯಾಕ್‌ಬೆತ್‌ರ ಜಗಳ

ನಾಟಕದ ನೆಪದಲ್ಲಿ ಬೀದಿಯಲ್ಲಿ ಹೆಣ ಬಿದ್ದವೆಂದರೆ ನಂಬುವುದು ಕಷ್ಟ. ಅದೂ ಷೇಕ್ಸ್‌ಪಿಯರ್‌ನ ನಾಟಕ! ಆದರೆ 1849ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು ಅದೇ.

ಇಂಗ್ಲೆಂಡಿನ ವಿಲಿಯಂ ಮೆಕ್ರೆಡಿ ಅಳೆದು ತೂಗಿ ಅಭಿನಯಿಸುವ ನಟ. ಅಮೆರಿಕದ ಎಡ್ವಿನ್ ಫಾರೆಸ್ಟ್ ಕಟ್ಟುಮಸ್ತಾದ ಆಳು, ಗುಡುಗಿನಂಥ ದನಿ. ಅಲ್ಲಿನ ದುಡಿಯುವ ಜನಕ್ಕೆ ಅವನು ಮನೆಮಗನಿದ್ದಂತೆ. 1845ರಲ್ಲಿ ಲಂಡನ್ನಿನ ಪ್ರೇಕ್ಷಕರು ಫಾರೆಸ್ಟ್‌ನನ್ನು ಗೇಲಿ ಮಾಡಿದರು. ಅದರ ಹಿಂದೆ ಮೆಕ್ರೆಡಿಯ ಕೈವಾಡವಿದೆಯೆಂದು ಅವನು ನಂಬಿದ. ಮರುವರ್ಷ ಎಡಿನ್‌ಬರೋದಲ್ಲಿ ಮೆಕ್ರೆಡಿ ಹ್ಯಾಮ್ಲೆಟ್ ಪಾತ್ರದಲ್ಲಿದ್ದಾಗ, ಪ್ರೇಕ್ಷಕರ ನಡುವೆ ಕುಳಿತು ಎಲ್ಲರಿಗೂ ಕೇಳುವಂತೆ ಬುಸುಗುಟ್ಟಿದ. ಇಬ್ಬರು ನಟರ ಹೊಟ್ಟೆಕಿಚ್ಚು ಎಂದು ನಾವು ನಕ್ಕು ಸುಮ್ಮನಾಗಬಹುದಿತ್ತು.

ಆದರೆ ಊರಿನಲ್ಲಿ ಬೇರೆ ಬೆಂಕಿ ಹೊಗೆಯಾಡುತ್ತಿತ್ತು. ಮೊದಲೆಲ್ಲ ಬಡವರು ಬಲ್ಲಿದರು ಒಂದೇ ರಂಗಮಂದಿರದಲ್ಲಿ ಮೇಲೆ ಕೆಳಗೆ ಕುಳಿತು ನಾಟಕ ನೋಡುತ್ತಿದ್ದರು. 1847ರಲ್ಲಿ ತೆರೆದ ಆಸ್ಟರ್ ಪ್ಲೇಸ್ ಆಪೆರಾ ಹೌಸ್ ಸಿರಿವಂತರಿಗೆಂದೇ ಕಟ್ಟಿದ್ದು. ಅಲ್ಲಿ ಉಡುಪಿಗೂ ಕಟ್ಟುಪಾಡು. ಕೈಗೆ ನಯವಾದ ಚರ್ಮದ ಗವುಸು ಬೇಕು. ಬರಗಾಲದಿಂದ ಓಡಿಬಂದ ಐರಿಶ್ ಜನರಿಗಂತೂ ಇಂಗ್ಲೆಂಡಿನ ಹೆಸರೆತ್ತಿದರೇ ಮೈ ಉರಿಯುತ್ತಿತ್ತು. ಆ ಮಂದಿರದಲ್ಲೇ ಮೆಕ್ರೆಡಿ ಮ್ಯಾಕ್‌ಬೆತ್ ಆಡಲು ನಿಂತ. ಮೇ 7ರಂದು, ಫಾರೆಸ್ಟ್ ಇನ್ನೊಂದು ಕಡೆ ಅದೇ ಪಾತ್ರ ಮಾಡುತ್ತಿದ್ದಾಗ, ಇಲ್ಲಿ ಕೊಳೆತ ಮೊಟ್ಟೆ, ಆಲೂಗಡ್ಡೆ, ಕೊನೆಗೆ ಕುರ್ಚಿಗಳೇ ರಂಗದ ಮೇಲೆ ಬಿದ್ದವು. ಮೆಕ್ರೆಡಿ ಊರಿಗೆ ಹೊರಟುಬಿಡುವವನಿದ್ದ. ಆದರೆ ವಾಷಿಂಗ್ಟನ್ ಇರ್ವಿಂಗ್, ಹರ್ಮನ್ ಮೆಲ್ವಿಲ್ ಮುಂತಾದ ಗಣ್ಯರು ಸಹಿ ಹಾಕಿ, ಇರಬೇಕೆಂದು ಕೇಳಿಕೊಂಡರು.

ಮೇ 10ರಂದು ಮತ್ತೆ ಮ್ಯಾಕ್‌ಬೆತ್. ಹೊರಗೆ ಸಾವಿರಾರು ಜನ, ಕಲ್ಲಿನ ಸುರಿಮಳೆ. ಪೊಲೀಸರ ಕೈ ಸೋತಾಗ ಸೈನಿಕರು ಬಂದರು, ಗುಂಡು ಹಾರಿತು. ಕಡಿಮೆಯೆಂದರೂ 22 ಮಂದಿ ಸತ್ತರು. ಅವರಲ್ಲಿ ಸುಮ್ಮನೆ ನೋಡಲು ನಿಂತವರೂ ಇದ್ದರು. ಗಂಡನೊಡನೆ ನಡೆದುಹೋಗುತ್ತಿದ್ದ ಒಬ್ಬ ಐರಿಶ್ ಹೆಂಗಸು ಕಾಲಿಗೆ ಗುಂಡು ತಗಲಿ ತೀರಿಕೊಂಡಳು. ಅವಳಿಗೂ ಮ್ಯಾಕ್‌ಬೆತ್‌ನಿಗೂ ಏನು ಸಂಬಂಧ?

ಮೆಕ್ರೆಡಿ ವೇಷ ಮರೆಸಿಕೊಂಡು ಪಾರಾದ. ಫಾರೆಸ್ಟ್ ಮುಂದೆಯೂ ಎಷ್ಟೋ ವರ್ಷ ರಂಗದ ಮೇಲೆ ಮೆರೆದ. ಜನರನ್ನು ಕೆರಳಿಸಿದ ಬರಹಗಾರ ನೆಡ್ ಬಂಟ್‌ಲೈನ್‌ಗೆ ಒಂದು ವರ್ಷ ಜೈಲು, 250 ಡಾಲರ್ ದಂಡ. ದೊಡ್ಡವರ ಸೇಡು ಬೀದಿಗೆ ಇಳಿದರೆ ಬೆಲೆ ತೆರುವವರು ಯಾರೆಂಬುದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆ ಮಂದಿರವೂ ಹೆಚ್ಚು ಕಾಲ ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಗ್ರಂಥಾಲಯವಾಯಿತು.