ಇಕ್ಕೇರಿಯ ದಾರಿಯಲ್ಲಿ ಎರಡು ಅಂಗುಲ

ಕೆಳದಿಯ ಅರಸರು ಸುಮಾರು 1560ರಿಂದ 1640ರವರೆಗೆ ಇಕ್ಕೇರಿಯನ್ನು ರಾಜಧಾನಿ ಮಾಡಿಕೊಂಡಿದ್ದು, ಅನಂತರ ಬಿದನೂರಿಗೆ ಹೋದರು. ಆ ಹಾದಿಯನ್ನು ಸೈಕಲ್ಲಿನ ಮೇಲೆ ನೋಡಿ ಬರಬೇಕೆಂಬ ಹುಚ್ಚು ಕಾಲೇಜಿನ ದಿನಗಳಲ್ಲಿ ನನಗೆ ಹಿಡಿದಿತ್ತು. ಸಾಗರದಲ್ಲಿ ಬಾಡಿಗೆಗೆ ಸೈಕಲ್ಲು ಹಿಡಿದು ಹೊರಟೆ. ಇಕ್ಕೇರಿಗೆ ಇರುವುದು ಆರೇಳು ಕಿಲೋಮೀಟರು. ಅಘೋರೇಶ್ವರನ ಗುಡಿ ಕಾಣುವ ಹೊತ್ತಿಗೆ ಮಂಡಿ ಸೆಳೆಯುತ್ತಿತ್ತು, ಅಂಗೈ ಜೋಮು ಹಿಡಿದಿತ್ತು. ಬಿದನೂರಿನ ಆಸೆ ಅಲ್ಲಿಗೇ ಮುಗಿಯಿತೆಂದುಕೊಂಡು ನಂದಿಮಂಟಪದ ನೆರಳಿನಲ್ಲಿ ಕುಳಿತೆ. ಆಗ ಸೈಕಲ್ಲನ್ನು ಸರಿಯಾಗಿ ನೋಡಿದೆ: ಸೀಟು ಯಾವನೋ ಗಿಡ್ಡನಿಗೆ ಹೊಂದಿಸಿದ್ದು, ಅದರ ಮೂತಿಯೂ ನೆಲ ನೋಡುತ್ತಿತ್ತು.

ಸೀಟನ್ನು ಏರಿಸಿ ಇಳಿಸುವ ಈ ಸೌಕರ್ಯ ಸೈಕಲ್ಲಿಗೆ ಹುಟ್ಟಿನಿಂದ ಬಂದದ್ದಲ್ಲ. 1870ರ ದಶಕದ ಎತ್ತರದ ಸೈಕಲ್ಲುಗಳಲ್ಲಿ ಪೆಡಲು ಮುಂಚಕ್ರದ ನಡುವಿಗೇ ಅಂಟಿಕೊಂಡಿತ್ತು. ಚಕ್ರ ದೊಡ್ಡದಾದಷ್ಟೂ ವೇಗ. ಆದರೆ ಸವಾರನ ಕಾಲು ಎಟುಕಬೇಕಲ್ಲ! ಹೀಗಾಗಿ ಚಪ್ಪಲಿ ಕೊಳ್ಳುವಂತೆ ಕಾಲಿನ ಅಳತೆ ನೋಡಿ ಸೈಕಲ್ಲು ಕೊಳ್ಳಬೇಕಾಗಿತ್ತು. ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಲೋಕಸಂಚಾರಕ್ಕೆ ಹೊರಟದ್ದು ಐವತ್ತು ಅಂಗುಲದ ಇಂಥದೇ ಚಕ್ರದ ಮೇಲೆ. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಗೂ ಅದನ್ನೇ ತುಳಿದ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂದು, ಸರಪಳಿಯಿಂದ ಹಿಂಚಕ್ರ ತಿರುಗತೊಡಗಿದ ಮೇಲೆ, ಚಕ್ರಕ್ಕೂ ಕಾಲಿಗೂ ಇದ್ದ ಗಂಟು ಬಿಚ್ಚಿತು. ಗಾಳಿಯ ಟೈರು ತಂದ ಡನ್‌ಲಪ್ಪನನ್ನು ಎಲ್ಲರೂ ಹೊಗಳುತ್ತಾರೆ. ಸೀಟಿನ ಕೆಳಗಿನ ಬೋಲ್ಟನ್ನು ಯಾರೂ ನೆನೆಯುವುದಿಲ್ಲ.

"ಎಂತ ಆಯ್ತೋ ತಮ್ಮಾ, ಪಂಚರಾ?" ಎನ್ನುತ್ತ ಬಂದ ಹಿರಿಯರೊಬ್ಬರು ನನ್ನ ಕಥೆ ಕೇಳಿ ಮನೆಯಿಂದ ಸ್ಪ್ಯಾನರು ತಂದರು. ಸೀಟಿನ ಮೇಲೆ ಕೂರಿಸಿ, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಡಿಸಿದರು. ಕಾಲು ನೆಟ್ಟಗಾಗುವವರೆಗೆ ಸೀಟು ಏರಿತು. ಮುಂಗಾಲಿನಿಂದ ತುಳಿದರೆ ಮಂಡಿ ತುಸುವೇ ಬಾಗುತ್ತಿತ್ತು. ಸೀಟಿನ ಮೂತಿಯನ್ನು ಎತ್ತಿ ಮಟ್ಟ ಮಾಡಿದರು. ಇಷ್ಟು ಹೊತ್ತು ನಾನು ಮುಂದಕ್ಕೆ ಜಾರಿ, ಮೈಭಾರವನ್ನೆಲ್ಲ ಅಂಗೈಯಲ್ಲಿ ಹೊತ್ತಿದ್ದೆ.

ಸೀಟು ಏರಿದ ಮೇಲೆ ಹ್ಯಾಂಡಲ್ಲು ತಗ್ಗಾಯಿತು. ಅದರ ನೆತ್ತಿಯ ಬೋಲ್ಟು ಸಡಿಲಿಸಿ, ಮೇಲೊಂದು ಏಟು ಕೊಟ್ಟು, ಎರಡು ಅಂಗುಲ ಎತ್ತಿದೆವು. ಚಕ್ರ ನಿಂತೇ ಹೋಯಿತು! ಅದು ಕಂಬಿ ಬ್ರೇಕಿನ ಸೈಕಲ್ಲು. ಹ್ಯಾಂಡಲ್ಲಿನ ಜೊತೆ ಕಂಬಿಯೂ ಮೇಲೆದ್ದು ಬ್ರೇಕನ್ನು ರಿಮ್ಮಿಗೆ ಒತ್ತಿಬಿಟ್ಟಿತ್ತು. ಕಂಬಿಯ ತಿರುಪು ಸಡಿಲಿಸಿ ಅದನ್ನೂ ಅಷ್ಟೇ ಕೆಳಗಿಳಿಸಬೇಕಾಯಿತು.

ಆ ಸಂಜೆ ಹೊಸನಗರ, ಮರುದಿನ ಬಿದನೂರಿನ ಕೋಟೆಬಾಗಿಲು. ಏರಿನಲ್ಲಿ ಇಳಿದು ತಳ್ಳಿದ್ದುಂಟು; ಮಂಡಿ ಮಾತ್ರ ಮತ್ತೆ ದೂರಲಿಲ್ಲ.

ಸೈಕಲ್ಲು ಹಿಂದಿರುಗಿಸಿದಾಗ ಷಾಪಿನವರು ಒಂದು ಮಾತೂ ಆಡದೆ ಸ್ಪ್ಯಾನರು ತೆಗೆದುಕೊಂಡು ಸೀಟನ್ನು ಮೊದಲಿನ ಜಾಗಕ್ಕೆ ಇಳಿಸಿದರು.