ಜವಾರಿ ಕೋಳಿ ಸಾಕಣೆ (ಹಾವೇರಿ ಜಿಲ್ಲೆ)

ಜವಾರಿ ಕೋಳಿ ಸಾಕಣೆಯು ಸ್ಥಳೀಯ ಕೋಳಿಗಳನ್ನು ಮನೆಯ ಹಿತ್ತಲಿನಲ್ಲಿ ಅಥವಾ ಹೊಲದ ಅಂಚಿನಲ್ಲಿ ಸಣ್ಣ ಹಿಂಡಾಗಿ, ಬಿಟ್ಟು ಮೇಯಿಸಿ ಸಾಕುವ ಪದ್ಧತಿಯಾಗಿದೆ. ಉತ್ತರ ಕರ್ನಾಟಕದಲ್ಲಿ ಹೈಬ್ರಿಡ್ ಅಲ್ಲದ, ಊರಿನದೇ ಆದ ಬೀಜ, ತರಕಾರಿ, ದನ, ಕೋಳಿಗಳನ್ನು 'ಜವಾರಿ' ಎಂದು ಕರೆಯಲಾಗುತ್ತದೆ. ಹಳೆ ಮೈಸೂರು ಭಾಗದಲ್ಲಿ ಇದೇ ಕೋಳಿಗೆ 'ನಾಟಿ ಕೋಳಿ' ಎಂಬ ಹೆಸರಿದೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳು ಮೆಕ್ಕೆಜೋಳ, ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಪ್ರದೇಶಗಳು. ಇಲ್ಲಿನ ಕೋಳಿ ಸಾಕಣೆಯ ಲಾಭನಷ್ಟಗಳೆರಡೂ ಬಹುಮಟ್ಟಿಗೆ ಈ ಬೆಳೆಗಳೊಂದಿಗೆ ಹೆಣೆದುಕೊಂಡಿವೆ.

ಮೂಲ ಮತ್ತು ಲಕ್ಷಣಗಳು

ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಹಲವು ಸಾಕುಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ಜೀನ್, ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಬಂದಿರುವುದಾಗಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಜವಾರಿ ಕೋಳಿ ಎಂಬುದು ಒಂದು ನಿರ್ದಿಷ್ಟ ತಳಿಯ ಹೆಸರಲ್ಲ. ಒಂದೇ ಹೇಂಟೆಯ ಮರಿಗಳಲ್ಲಿ ಕಪ್ಪು, ಕಂದು, ಬೂದು, ಚುಕ್ಕೆ ಬಣ್ಣಗಳು ಕಾಣಿಸಿಕೊಳ್ಳುತ್ತವೆ. ದಕ್ಷಿಣ ಭಾರತದ ನಾಟಿ ಹಿಂಡುಗಳಲ್ಲಿ ಬೋಳುಕತ್ತಿನ ಹಾಗೂ ಗುಂಗುರು ಗರಿಯ ಕೋಳಿಗಳೂ ಆಗಾಗ ಹುಟ್ಟುತ್ತವೆ. ನೋಟಕ್ಕೆ ಚೆಂದವಲ್ಲದಿದ್ದರೂ ಕಡಿಮೆ ಗರಿಯ ಬೋಳುಕತ್ತಿನ ಕೋಳಿಗಳು ಬಿಸಿಲನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಬೆಳೆದ ಹೇಂಟೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಸರದಿಗಳಲ್ಲಿ ಒಟ್ಟು 40ರಿಂದ 70 ಮೊಟ್ಟೆಗಳನ್ನಿಡುತ್ತದೆ. ಫಾರಂ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಡುವುದನ್ನು ನೋಡಿದರೆ ಇದು ಅತ್ಯಲ್ಪ. ಆದರೆ ಈ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲ, ಏಕೆಂದರೆ ಫಾರಂ ಕೋಳಿ ಕಾವು ಕೂರುವುದಿಲ್ಲ. ಜವಾರಿ ಹೇಂಟೆ ಮುಂದಿನ ಹಿಂಡನ್ನು ತಾನೇ ಹುಟ್ಟಿಸಿ, ಬೆಳೆಸುತ್ತದೆ.

ಕಾವು ಮತ್ತು ಮರಿಗಳ ಪಾಲನೆ

ಹತ್ತರಿಂದ ಹದಿನೈದು ಮೊಟ್ಟೆ ಇಟ್ಟ ಬಳಿಕ ಹೇಂಟೆ ಗೂಡು ಬಿಟ್ಟೇಳದೆ, ಮುಟ್ಟಲು ಹೋದವರನ್ನು ಕುಕ್ಕುತ್ತ ಕಾವಿನ ಸೂಚನೆ ಕೊಡುತ್ತದೆ. ಆಗ ಹುಲ್ಲು ಹಾಸಿದ ಬುಟ್ಟಿಯಲ್ಲಿ ಮೊಟ್ಟೆಗಳನ್ನಿಟ್ಟು ಕತ್ತಲೆಯ ಮೂಲೆಯಲ್ಲಿ ಕೂರಿಸಲಾಗುತ್ತದೆ. ಕಾವಿನ ಅವಧಿ 21 ದಿನಗಳು. ಈ ಅವಧಿಯಲ್ಲಿ ಹೇಂಟೆ ದಿನಕ್ಕೊಮ್ಮೆ ಅಲ್ಪ ಹೊತ್ತು ಮಾತ್ರ ಮೇವು ನೀರಿಗೆ ಎದ್ದು ಬರುವುದರಿಂದ ಗಣನೀಯವಾಗಿ ತೂಕ ಕಳೆದುಕೊಳ್ಳುತ್ತದೆ. ಏಳನೆಯ ದಿನದ ಸುಮಾರಿಗೆ ಕತ್ತಲೆಯಲ್ಲಿ ಮೊಟ್ಟೆಯನ್ನು ಟಾರ್ಚ್ ಬೆಳಕಿಗೆ ಹಿಡಿದರೆ, ಫಲಿತ ಮೊಟ್ಟೆಯೊಳಗೆ ಜೇಡರ ಕಾಲಿನಂತೆ ಹರಡಿದ ಕೆಂಪು ನರಗಳು ಕಾಣುತ್ತವೆ. ಹುಸಿ ಮೊಟ್ಟೆಗಳನ್ನು ಆಗಲೇ ತೆಗೆದುಬಿಡುವುದು ಒಳ್ಳೆಯದು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಒಳಸಂತತಿಯ ದೋಷ ತಪ್ಪಿಸಲು ಹುಂಜವನ್ನು ಕಾಲಕಾಲಕ್ಕೆ ಬೇರೆ ಊರಿನ ಹುಂಜದೊಂದಿಗೆ ಬದಲಿಸಬೇಕಾಗುತ್ತದೆ.

ಮರಿಗಳೊಂದಿಗೆ ಹೊರಬಿದ್ದ ತಾಯಿಕೋಳಿ ಸಾಕುವವರಿಗೆ ದೊರೆಯುವ ದೊಡ್ಡ ಸಂತೋಷಗಳಲ್ಲಿ ಒಂದು. ಕಾಳು ಸಿಕ್ಕಾಗ ತಾನು ತಿನ್ನದೆ ಕೆಳಗೆ ಹಾಕಿ, ಎತ್ತಿ, ಮತ್ತೆ ಹಾಕಿ ಮರಿಗಳನ್ನು ಕರೆಯುತ್ತದೆ. ಈ ಗುಣವನ್ನು ಬಸವಣ್ಣನವರು ವಚನವೊಂದರಲ್ಲಿ ದೃಷ್ಟಾಂತವಾಗಿ ಬಳಸಿದ್ದಾರೆ. ಆಕಾಶದಿಂದ ಬರುವ ಅಪಾಯಕ್ಕೂ ನೆಲದ ಮೇಲಿನ ಅಪಾಯಕ್ಕೂ ಕೋಳಿಗಳು ಬೇರೆ ಬೇರೆ ಕೂಗು ಹಾಕುತ್ತವೆ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ.

ಅತಿ ಹೆಚ್ಚು ಸಾವು ಸಂಭವಿಸುವುದು ಮೊದಲ ನಾಲ್ಕು ವಾರಗಳಲ್ಲಿ. ಚಳಿ, ಮಳೆಯ ತೇವ, ಬೆಕ್ಕು, ಹೆಗ್ಗಣ ಮತ್ತು ಗಿಡುಗಗಳು ಇದಕ್ಕೆ ಮುಖ್ಯ ಕಾರಣ. ಬೆಳೆದ ಕೋಳಿಗಳಿಗೆ ಮುಂಗುಸಿ, ಕಾಡುಬೆಕ್ಕು ಮತ್ತು ಬೀದಿನಾಯಿಗಳ ಭಯವಿದೆ. ರಾತ್ರಿ ಗೂಡಿನ ಬಾಗಿಲು ಹಾಕುವುದನ್ನು ಒಂದು ದಿನ ಮರೆತರೂ ಹಿಂಡಿನ ಅರ್ಧ ಹೋಗಿರಬಹುದು.

ಮೇವು

ಹಿಂಡಿನ ಬಹುಪಾಲು ಆಹಾರ ತಿಪ್ಪೆ, ಕಣ ಮತ್ತು ದನದ ಕೊಟ್ಟಿಗೆಗಳಿಂದಲೇ ದೊರೆಯುತ್ತದೆ. ಮೆಕ್ಕೆಜೋಳದ ನುಚ್ಚನ್ನು ಬೆಳಗ್ಗೆ ಮತ್ತು ಸಂಜೆ ಮೇಲುಮೇವಾಗಿ ಕೊಡಲಾಗುತ್ತದೆ. ಮರಿಗಳಿಗೆ ಪ್ರೋಟೀನ್ ಅಗತ್ಯ ಹೆಚ್ಚಿರುವುದರಿಂದ, ಮಡಕೆಯಲ್ಲಿ ಒದ್ದೆ ಸಗಣಿ ಮತ್ತು ಹುಲ್ಲು ತುಂಬಿ ಗೆದ್ದಲು ಇರುವ ಕಡೆ ಬೋರಲು ಹಾಕಿ, ಸೇರಿಕೊಂಡ ಗೆದ್ದಲುಗಳನ್ನು ಮರುದಿನ ಮರಿಗಳ ಮುಂದೆ ಕೊಡವುವ ಪದ್ಧತಿಯಿದೆ.

ಹೊಸಬರಿಗೆ ಅಚ್ಚರಿ ತರುವ ಸಂಗತಿಯೆಂದರೆ, ಒಣಗಲು ಹರಡಿದ ಮೆಣಸಿನಕಾಯಿಯ ಬೀಜಗಳನ್ನು ಕೋಳಿಗಳು ನಿರಾಯಾಸವಾಗಿ ಹೆಕ್ಕಿ ತಿನ್ನಬಲ್ಲವು. ಸಸ್ತನಿಗಳಿಗೆ ಉರಿಯ ಅನುಭವ ಕೊಡುವ ಕ್ಯಾಪ್ಸೈಸಿನ್ ಪಕ್ಷಿಗಳ ನರಗ್ರಾಹಕಗಳನ್ನು ಬಹುತೇಕ ತಟ್ಟುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಈ ಕೆಂಪು ವರ್ಣದ್ರವ್ಯಗಳು ಮೊಟ್ಟೆಯ ಹಳದಿ ಭಾಗಕ್ಕೆ ಕೇಸರಿ ಛಾಯೆ ಕೊಡುತ್ತವೆ. ಹಾಗಾಗಿಯೇ ಕೋಳಿ ಆಹಾರ ಉದ್ಯಮವೂ ಕೆಂಪು ಮೆಣಸಿನ ಸತ್ವವನ್ನು ಬಳಸುತ್ತದೆ.

ಮೇವಿನಲ್ಲಿಯೇ ಅಪಾಯವೂ ಇದೆ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಉಂಟಾಗುವ ಅಫ್ಲಟಾಕ್ಸಿನ್ ಎಂಬ ವಿಷ ಕೋಳಿಗಳ ಯಕೃತ್ತನ್ನು ಕೆಡಿಸುತ್ತದೆ. ಮನುಷ್ಯರಿಗೆ ಬೇಡವಾದ ಕಾಳನ್ನು ಕೋಳಿಗೆ ಹಾಕುವ ರೂಢಿ ಈ ಕಾರಣಕ್ಕೆ ಒಳ್ಳೆಯದಲ್ಲ. ಬಿತ್ತನೆಯ ಕಾಲದಲ್ಲಿ ಕೀಟನಾಶಕ ಲೇಪಿಸಿದ ಗುಲಾಬಿ ಬಣ್ಣದ ಬೀಜಗಳನ್ನು ಹೊಲದಲ್ಲಿ ಕೆದರಿ ತಿಂದ ಕೋಳಿಗಳು ಸಾಯಬಹುದು. ಆದ್ದರಿಂದ ಬಿತ್ತನೆಯಾದ ಮೊದಲ ವಾರ ಹಿಂಡನ್ನು ಕೂಡಿಹಾಕುವುದು ಕ್ಷೇಮ. ನೆರೆಹೊರೆಯವರ ಜಗಳವೂ ಇದರಿಂದ ತಪ್ಪುತ್ತದೆ.

ರೋಗಗಳು

ಹಿತ್ತಲ ಹಿಂಡುಗಳನ್ನು ಬುಡಸಮೇತ ಅಳಿಸುವ ರೋಗ ಕೊಕ್ಕರೆ ರೋಗ ಅಥವಾ ರಾಣಿಖೇತ್. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಗುರುತಿಸಲಾದ ಈ ವೈರಾಣು ರೋಗಕ್ಕೆ, ಅದರ ಮರುವರ್ಷ ಕಾಣಿಸಿಕೊಂಡ ಕುಮಾವೂಂ ಬೆಟ್ಟದ ಊರಿನ ಹೆಸರು ಭಾರತದಲ್ಲಿ ಉಳಿದಿದೆ. ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಮತ್ತು ಕಾಲು ರೆಕ್ಕೆಗಳ ಸೋಲು ಇದರ ಲಕ್ಷಣಗಳು. ಲಸಿಕೆ ಪಡೆಯದ ಹಿಂಡಿನಲ್ಲಿ ಹತ್ತರಲ್ಲಿ ಒಂಬತ್ತು ಕೋಳಿಗಳು ಕೆಲವೇ ದಿನಗಳಲ್ಲಿ ಸಾಯಬಹುದು. ಇದಕ್ಕೆ ಚಿಕಿತ್ಸೆ ಇಲ್ಲ. ಮೊದಲ ಕೋಳಿ ಸತ್ತ ಕೂಡಲೇ ಉಳಿದವನ್ನು ಸಂತೆಗೆ ಒಯ್ದು ಮಾರುವುದು ಸಾಮಾನ್ಯ ಪ್ರತಿಕ್ರಿಯೆ. ಬಡಕುಟುಂಬದ ದೃಷ್ಟಿಯಿಂದ ಅದು ಅರ್ಥವಾಗುವಂಥದೇ, ಆದರೆ ರೋಗ ಊರಿಂದೂರಿಗೆ ಹಬ್ಬುವುದೂ ಹೀಗೆಯೇ.

ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣು ಅಥವಾ ಮೂಗಿಗೆ ಲಸಿಕೆಯ ಹನಿ ಹಾಕಿ, ನಾಲ್ಕನೆಯ ವಾರ ಪುನಃ ಕೊಟ್ಟು, ಸುಮಾರು ಎಂಟನೆಯ ವಾರದಲ್ಲಿ ಆರ್-ಟು-ಬಿ ಎಂಬ ಚುಚ್ಚುಮದ್ದು ನೀಡಲಾಗುತ್ತದೆ. ತೊಡಕಿರುವುದು ಪ್ರಮಾಣದಲ್ಲಿ. ಲಸಿಕೆಯ ಒಂದು ಸೀಸೆ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಕೋಳಿಗಳಿಗೆ ಸಾಕಾಗುವಷ್ಟಿರುತ್ತದೆ. ಅದನ್ನು ತಂಪಿನಲ್ಲಿ ತಂದು, ಕಲಸಿದ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಗಳ ಮನೆಯೊಂದು ಒಂಟಿಯಾಗಿ ಇದನ್ನು ಮಾಡಲಾರದು. ಓಣಿಯ ಮನೆಗಳೆಲ್ಲ ಸೇರಿ, ಕೋಳಿಗಳನ್ನು ಗೂಡಿನಿಂದ ಬಿಡುವ ಮುನ್ನ ಒಂದೇ ಮುಂಜಾನೆ ಹಾಕಿಸುವುದೇ ಕಾರ್ಯಸಾಧ್ಯವಾದ ದಾರಿ. ಸಿಡುಬು ಇನ್ನೊಂದು ಸಾಮಾನ್ಯ ರೋಗವಾಗಿದ್ದು, ಸೊಳ್ಳೆಗಳಿಂದಲೂ ಹರಡುತ್ತದೆ.

ಹಕ್ಕಿಜ್ವರ ಭಾರತದಲ್ಲಿ ಮೊದಲಿಗೆ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ವರದಿಯಾಯಿತು. 2020ರ ಮಾರ್ಚ್‌ನಲ್ಲಿ ಅದು ರಾಣೆಬೆನ್ನೂರಿಗೆ ಹೊಳೆಯಾಚೆಯ ನೆರೆಯಾದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಪತ್ತೆಯಾದಾಗ ಅಲ್ಲಿ ಕೋಳಿಗಳನ್ನು ಕೊಲ್ಲಲಾಯಿತು. ಇಂತಹ ಕಾರ್ಯಾಚರಣೆಯಲ್ಲಿ ನಿಗದಿತ ವಲಯದ ಆರೋಗ್ಯವಂತ ಹಿತ್ತಲ ಕೋಳಿಗಳಿಗೂ ವಿನಾಯಿತಿ ಇರುವುದಿಲ್ಲ.

ಸುಧಾರಿತ ತಳಿಗಳು ಮತ್ತು ಮಾರುಕಟ್ಟೆ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅಭಿವೃದ್ಧಿಪಡಿಸಿದ ಗಿರಿರಾಜ ಮತ್ತು ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ ತಳಿಗಳು ಹಿತ್ತಲ ಸಾಕಣೆಗೆಂದೇ ರೂಪುಗೊಂಡವು. ಇವು ಬೇಗ ಬೆಳೆದು ಹೆಚ್ಚು ಮೊಟ್ಟೆ ಕೊಡುತ್ತವೆ, ಆದರೆ ಕಾವು ಕೂರುವ ಗುಣ ಕಡಿಮೆ. ಹೀಗಾಗಿ ಮರಿಗಳನ್ನು ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಇವುಗಳ ಹುಂಜಗಳು ಊರ ಹಿಂಡಿನೊಡನೆ ಬೆರೆತಲ್ಲಿ ಜವಾರಿ ಗುಣಗಳು ತೆಳುವಾಗುತ್ತವೆ. ಕೃಷಿ ಸಂಬಂಧಿ ತರಬೇತಿ ಮತ್ತು ಸಲಹೆಗಾಗಿ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ.

2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಇದು ಶೇ. 46ರಷ್ಟು ಹೆಚ್ಚು. ಜವಾರಿ ಮೊಟ್ಟೆ ಮತ್ತು ಮಾಂಸಕ್ಕೆ ಫಾರಂ ಕೋಳಿಗಿಂತ ಹೆಚ್ಚಿನ ಬೆಲೆ ಇದೆ. ಜಾತ್ರೆಗಳ ಸಮಯದಲ್ಲಿ ಹುಂಜಗಳಿಗೆ ಬೇಡಿಕೆ ಏರಿ, ಶ್ರಾವಣ ಮಾಸದಲ್ಲಿ ಇಳಿಯುತ್ತದೆ. ಹಿಂಡಿನ ಆರೈಕೆ ಬಹುತೇಕ ಹೆಂಗಸರ ಕೈಯಲ್ಲಿದ್ದು, ಸಂತೆಯಲ್ಲಿ ಮೊಟ್ಟೆ ಮಾರಿ ಬಂದ ಹಣವೂ ಸಾಮಾನ್ಯವಾಗಿ ಅವರಲ್ಲಿಯೇ ಉಳಿಯುತ್ತದೆ.